ಬ್ಯಾಟರಿ ಹೊಸದು, ಕಾರು ಮಾತ್ರ ಸ್ಟಾರ್ಟ್ ಆಗದು: ಮೈನಸ್ ತಂತಿಯನ್ನು ಅಳೆದು ನೋಡಿದಿರಾ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಹನ್ನೊಂದು ವರ್ಷ. ನಾಲ್ಕು ತಿಂಗಳ ಹಿಂದೆ ಹೊಸ ಬ್ಯಾಟರಿ ಹಾಕಿಸಿದೆ. ಈಗ ವಾರಕ್ಕೊಮ್ಮೆಯಾದರೂ ಕೀಲಿ ತಿರುಗಿಸಿದಾಗ ‘ಟಕ್ ಟಕ್’ ಸದ್ದು ಮಾತ್ರ ಬರುತ್ತದೆ, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತವೆ. ಬಾನೆಟ್ ಎತ್ತಿ ಮೈನಸ್ ಟರ್ಮಿನಲ್ ಅಲ್ಲಾಡಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಕ್ಲಾಂಪ್ ಸಡಿಲವಿತ್ತೆಂದು ಬ್ಯಾಟರಿ ಹಾಕಿದವರು ನಡುವೆ ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡಿನ ಚೂರು ಸಿಕ್ಕಿಸಿದ್ದಾರೆ. ಸುತ್ತ ಬಿಳಿ, ಹಸಿರು ಪುಡಿ ಕಟ್ಟಿದೆ. ಒಬ್ಬ ಮೆಕ್ಯಾನಿಕ್ ಸ್ಟಾರ್ಟರ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಹೆಚ್ಚುವರಿ ಅರ್ತಿಂಗ್ ವೈರ್ ಎಳೆದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಉತ್ತರದ ಮುಕ್ಕಾಲು ಪಾಲು ನಿಮ್ಮ ಪತ್ರದಲ್ಲೇ ಇದೆ. ಬ್ಯಾಟರಿಯ ತಂತಿ ಅಲ್ಲಾಡಿಸಿದರೆ ವಾಸಿಯಾಗುವಂಥ ಕಾಯಿಲೆ ಸ್ಟಾರ್ಟರ್ ಮೋಟಾರಿಗೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ನೀವು ಅಲ್ಲಾಡಿಸುವಾಗ ಕ್ಲಾಂಪ್ ಒಂದೇ ಅಲ್ಲಾಡುವುದಿಲ್ಲ. ಕ್ಲಾಂಪಿನೊಳಗೆ ಒತ್ತಿ ಕೂರಿಸಿದ ತಂತಿಯೂ, ಆ ತಂತಿಯ ಇನ್ನೊಂದು ತುದಿಯ ಬೋಲ್ಟೂ ಜೊತೆಗೆ ಮಿಸುಕುತ್ತವೆ. ಈ ಮೂರರಲ್ಲಿ ಕಳ್ಳ ಯಾರೆಂದು ಊಹಿಸಬೇಕಾಗಿಲ್ಲ, ವೋಲ್ಟ್, ಓಮ್ ಅಳೆಯುವ ಸಾಧಾರಣ ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದಲ್ಲಿ ಹಿಡಿಯಬಹುದು. ಅಳೆಯದೆ ಬಿಡಿಭಾಗ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹಳೆಯ ಬ್ಯಾಟರಿಯೂ ಇದೇ ಬರೆಗೆ ಬಲಿಯಾಯಿತೋ ಏನೋ ಎಂಬ ಅನುಮಾನ ನನಗಿದೆ.

ಮೊದಲು ಒಂದು ಲೆಕ್ಕ. ಸಣ್ಣ ಪೆಟ್ರೋಲ್ ಎಂಜಿನ್ ತಿರುಗಿಸಲು ಸ್ಟಾರ್ಟರ್ ಸುಮಾರು 100ರಿಂದ 200 ಆಂಪಿಯರ್ ಎಳೆಯುತ್ತದೆ, ಡೀಸೆಲ್ ಆದರೆ ಇನ್ನೂ ಹೆಚ್ಚು. 150 ಎಂದಿಟ್ಟುಕೊಳ್ಳೋಣ. ದಾರಿಯಲ್ಲಿ ಎಲ್ಲೋ ಒಂದು ಜೋಡಣೆ ಕೆಟ್ಟು ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿ ಒಡ್ಡಿತು ಎನ್ನಿ, ಅಂದರೆ 0.01 ಓಮ್. ಕೇಳಲು ಏನೂ ಅಲ್ಲ. ಆದರೆ 150 ಆಂಪಿಯರ್ ಅದರ ಮೂಲಕ ಹಾಯುವಾಗ ಅಲ್ಲೇ 1.5 ವೋಲ್ಟ್ ಕಳೆದುಹೋಗುತ್ತದೆ, 225 ವಾಟ್ ಬರಿಯ ಶಾಖವಾಗುತ್ತದೆ. ಕೆಟ್ಟ ಟರ್ಮಿನಲ್ ನಾಲ್ಕಾರು ಬಾರಿ ಸೆಲ್ಫ್ ಹೊಡೆದ ಮೇಲೆ ಮುಟ್ಟಿದರೆ ಬೆಚ್ಚಗಿರುವುದು ಇದೇ ಕಾರಣಕ್ಕೆ. ಅದೇ ಜೋಡಣೆಯ ಮೂಲಕ ಹತ್ತು ಆಂಪಿಯರಿನ ಹೆಡ್‌ಲೈಟ್ ಉರಿಸಿ ನೋಡಿ: ಕಳೆಯುವುದು 0.1 ವೋಲ್ಟ್ ಮಾತ್ರ, ಕಣ್ಣಿಗೆ ಗೊತ್ತೇ ಆಗದು. ಹಾಗಾಗಿ ‘ಹಾರ್ನ್ ಹೊಡೆಯುತ್ತದೆ, ಲೈಟ್ ಬರುತ್ತದೆ, ಆದ್ದರಿಂದ ಟರ್ಮಿನಲ್ ಸರಿಯಿದೆ’ ಎಂಬ ತರ್ಕ ನಿಲ್ಲುವುದಿಲ್ಲ.

‘ಟಕ್ ಟಕ್’ ಸದ್ದಿನ ಮರ್ಮವೂ ಇಲ್ಲೇ ಇದೆ. ಕೀಲಿ ತಿರುಗಿಸಿದಾಗ ಸ್ಟಾರ್ಟರಿನ ಸೊಲೆನಾಯ್ಡ್ (ವಿದ್ಯುತ್ಕಾಂತದಿಂದ ಕೆಲಸ ಮಾಡುವ ಸ್ವಿಚ್) ಸ್ವಲ್ಪ ಕರೆಂಟಿನಲ್ಲೇ ಎಳೆದುಕೊಂಡು ದೊಡ್ಡ ಸಂಪರ್ಕವನ್ನು ಮುಚ್ಚುತ್ತದೆ. ಮೋಟಾರು ಭಾರಿ ಕರೆಂಟ್ ಕೇಳಿದ ಮರುಕ್ಷಣ ಕೆಟ್ಟ ಜೋಡಣೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಹಿಡಿತ ಬಿಡುತ್ತದೆ. ಬಿಟ್ಟೊಡನೆ ಭಾರ ಇಳಿದು ವೋಲ್ಟೇಜ್ ಮೇಲೇರುತ್ತದೆ, ಅದು ಮತ್ತೆ ಹಿಡಿಯುತ್ತದೆ. ಬ್ಯಾಟರಿ ಇಳಿದಿದ್ದರೂ ಇದೇ ಸದ್ದು ಬರುತ್ತದೆ. ಕಿವಿಯಿಂದ ವ್ಯತ್ಯಾಸ ಹೇಳಲಾಗದು.

ಇನ್ನು ಅರ್ತಿಂಗ್ ಎಂಬ ಹೆಸರು. ಕಾರಿನ ಅರ್ತಿಂಗಿಗೂ ನೆಲಕ್ಕೂ ಯಾವ ಸಂಬಂಧವೂ ಇಲ್ಲ, ಕಾರು ನಿಂತಿರುವುದು ರಬ್ಬರ್ ಟೈರಿನ ಮೇಲೆ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ಪೂರ್ತಿಯಾಗಿ ಮೈನಸ್‌ಗೆ ಮರಳಬೇಕು. ಪ್ರತಿ ದೀಪಕ್ಕೂ ಎರಡೆರಡು ತಂತಿ ಎಳೆಯುವ ಬದಲು, ಮರಳುವ ದಾರಿಯಾಗಿ ಉಕ್ಕಿನ ಬಾಡಿಯನ್ನೇ ಬಳಸಿಕೊಂಡಿದ್ದಾರೆ, ಅಷ್ಟೆ. (1960ರ ದಶಕದವರೆಗೂ ಬ್ರಿಟನ್ನಿನ ಹಲವು ಕಾರುಗಳಲ್ಲಿ ಬಾಡಿಗೆ ಸೇರಿಸುತ್ತಿದ್ದುದು ಪ್ಲಸ್ಸನ್ನು. ಅಂಥ ಹಳೆಯ ಕಾರು ಕೈಗೆ ಬಂದರೆ ತಂತಿ ಮುಟ್ಟುವ ಮುನ್ನ ಗುರುತು ನೋಡಿ.) ಪ್ಲಸ್ ತಂತಿಯ ಬಗ್ಗೆ ಎಲ್ಲರಿಗೂ ಭಯಭಕ್ತಿ ಇರುತ್ತದೆ, ಕೆಂಪು ಮುಚ್ಚಳ ಬೇರೆ ಹಾಕಿರುತ್ತಾರೆ. ಮೈನಸ್ಸನ್ನು ಯಾರೂ ಕೇಳುವುದಿಲ್ಲ. ಆದರೆ ಹೋದಷ್ಟೇ ಕರೆಂಟ್ ಅಲ್ಲಿಂದ ವಾಪಸಾಗುತ್ತದೆ, ಒಂದು ಆಂಪಿಯರೂ ಕಡಿಮೆಯಿಲ್ಲ.

ಈ ವಾಪಸಾತಿಯ ದಾರಿಯಲ್ಲಿ ಮೂರು ಠಾಣೆಗಳು: ಬ್ಯಾಟರಿಯ ಮೈನಸ್, ಕಾರಿನ ಬಾಡಿ, ಎಂಜಿನ್. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲೆ, ಅಂದರೆ ವಿದ್ಯುತ್ತಿನ ದೃಷ್ಟಿಯಿಂದ ಅದು ಬಾಡಿಯಿಂದ ಬೇರೆಯಾಗಿದೆ. ಸ್ಟಾರ್ಟರ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡೂ ಎಂಜಿನ್ನಿಗೆ ಬಿಗಿದಿರುವುದರಿಂದ ಅವುಗಳ ಮೈನಸ್ ಎಂದರೆ ಎಂಜಿನ್ನಿನ ಲೋಹವೇ. ಕೆಲವು ಕಾರುಗಳಲ್ಲಿ ಬ್ಯಾಟರಿಯಿಂದ ದಪ್ಪ ತಂತಿ ನೇರ ಗೇರ್‌ಬಾಕ್ಸಿಗೆ ಹೋಗಿ, ತೆಳುವಾದ ಇನ್ನೊಂದು ಬಾಡಿಗೆ ಹೋಗುತ್ತದೆ. ಇನ್ನು ಕೆಲವದರಲ್ಲಿ ಬ್ಯಾಟರಿಯಿಂದ ಬಾಡಿಗೆ ಒಂದು, ಬಾಡಿಯಿಂದ ಎಂಜಿನ್ನಿಗೆ ಹೆಣೆದ ಪಟ್ಟಿಯೊಂದು. ಬ್ಯಾಟರಿ ಡಿಕ್ಕಿಯಲ್ಲಿರುವ ಕಾರುಗಳಲ್ಲಿ ಈ ಎರಡನೆಯ ಬಗೆಯೇ ಹೆಚ್ಚು. ಕೆಳಗೆ ಕೆಸರು, ನೀರು ಎರಚುವ ಜಾಗದಲ್ಲಿ ಎಂಜಿನ್ನಿನ ಜೊತೆ ದಿನವಿಡೀ ತೂಗಾಡುವ ಆ ಪಟ್ಟಿಯೇ ಮೊದಲು ಸಾಯುವುದು.

ಅದು ಸತ್ತರೆ ಕರೆಂಟ್ ಸುಮ್ಮನೆ ಕೂರುವುದಿಲ್ಲ, ಸಿಕ್ಕ ದಾರಿಯಲ್ಲಿ ನುಗ್ಗುತ್ತದೆ. ಹಿಂದೊಮ್ಮೆ ಒಂದು ಕಾರು ‘ಆಕ್ಸಿಲರೇಟರ್ ಕೇಬಲ್ ಪದೇ ಪದೇ ಹಿಡಿಯುತ್ತದೆ’ ಎಂಬ ದೂರಿನೊಂದಿಗೆ ನನ್ನ ಬಳಿ ಬಂತು. ಅಷ್ಟರಲ್ಲಿ ಎರಡು ಕೇಬಲ್ ಬದಲಾಗಿದ್ದವು. ಸೆಲ್ಫ್ ಹೊಡೆಯಲು ಹೇಳಿ ನಾನು ಬಾನೆಟ್ ಬಳಿ ನಿಂತೆ. ಮೂರನೆಯ ಬಾರಿಗೆ ಕೇಬಲಿನ ಹೊರಕವಚದಿಂದ ಸಣ್ಣಗೆ ಹೊಗೆ ಎದ್ದಿತು, ಪ್ಲಾಸ್ಟಿಕ್ ಸುಟ್ಟ ವಾಸನೆ. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತಿಂಗ್ ಪಟ್ಟಿ ಬೋಲ್ಟಿನ ಬುಡದಲ್ಲಿ ಕಡಿದು ಜೋತುಬಿದ್ದಿತ್ತು. ಸ್ಟಾರ್ಟರಿನ ಅಷ್ಟೂ ಕರೆಂಟ್ ಕಾಲಿನ ಪೆಡಲಿಗೆ ಹೋಗುವ ಉಕ್ಕಿನ ಎಳೆಯ ಮೂಲಕ ಮನೆ ಸೇರುತ್ತಿತ್ತು. ಪಟ್ಟಿಯೊಂದನ್ನು ಹಾಕಿದೆವು. ಮೂರನೆಯ ಕೇಬಲ್ ಇಂದಿಗೂ ಹಾಗೇ ಇದೆ.

ಈಗ ಅಳತೆಗೆ ಬನ್ನಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೀಲಿ ತಿರುಗಿಸಲು ಒಬ್ಬರು ಒಳಗೆ ಕೂರಲಿ. ಎಂಜಿನ್ ಹೊತ್ತಿಕೊಳ್ಳದೆ ನಾಲ್ಕೈದು ಸೆಕೆಂಡ್ ತಿರುಗಿದರೆ ಓದಲು ಸುಲಭ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದಿಟ್ಟರೆ ಸಾಕು. ಕಾರು ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯ ಎರಡು ಕಂಬಗಳ (ಕ್ಲಾಂಪ್ ಕೂರುವ ಸೀಸದ ಮೊಳಕೆಗಳ) ನಡುವೆ 12.6 ವೋಲ್ಟ್ ಆಸುಪಾಸು ಇದ್ದರೆ ಅದು ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಖಾಲಿಯಿದ್ದರೆ ಮೊದಲು ಚಾರ್ಜ್ ಮಾಡಿ, ಇಲ್ಲದಿದ್ದರೆ ಮುಂದಿನ ಅಂಕಿಗಳು ದಾರಿ ತಪ್ಪಿಸುತ್ತವೆ.

ನಂತರ ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು, ಒಂದು ಮೊನೆಯನ್ನು ಮೈನಸ್ ಕಂಬದ ನೆತ್ತಿಯ ಸೀಸಕ್ಕೆ ಒತ್ತಿ. ಕ್ಲಾಂಪಿಗಲ್ಲ, ಕಂಬಕ್ಕೆ, ಇದನ್ನು ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು ಮೊನೆಯನ್ನು ಅದೇ ಕಂಬವನ್ನು ಸುತ್ತಿರುವ ಕ್ಲಾಂಪಿಗೆ ಒತ್ತಿ. ನಡುವಿನ ಅಂತರ ಒಂದು ಬೆರಳಿನಷ್ಟೂ ಇಲ್ಲ. ಮೀಟರ್ ಸೊನ್ನೆ ತೋರಿಸುತ್ತದೆ. ‘ಹೊಡೆಯಿರಿ’ ಎನ್ನಿ. ಒಳ್ಳೆಯ ಜೋಡಣೆಯಾದರೆ 0.02, 0.03 ಹೀಗೆ ಮಿಸುಕುತ್ತದೆ, 0.1 ದಾಟಬಾರದು. ನಿಮ್ಮ ಕಾರಿನಲ್ಲಿ, ಅದೂ ‘ಟಕ್ ಟಕ್’ ಅನ್ನುವ ಹೊತ್ತಿನಲ್ಲಿ ಹೀಗೆ ಹಿಡಿದರೆ, ನಾಲ್ಕೋ ಐದೋ ವೋಲ್ಟ್ ಕಂಡರೂ ನನಗೆ ಅಚ್ಚರಿಯಿಲ್ಲ. ಒಂದೇ ವಸ್ತುವಿನಂತೆ ಕಾಣುವ ಎರಡು ಲೋಹಗಳ ನಡುವೆ ಬ್ಯಾಟರಿಯ ಮೂರನೆಯ ಒಂದು ಪಾಲು ವೋಲ್ಟೇಜ್ ನಿಂತಿರುವುದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆಂದೂ ಟರ್ಮಿನಲನ್ನು ಕಡೆಗಣಿಸುವುದಿಲ್ಲ.

ಕಂಬದ ಮೊನೆಯನ್ನು ಅಲ್ಲೇ ಇರಿಸಿ ಇನ್ನೊಂದನ್ನು ಮುಂದೆ ಮುಂದೆ ಸರಿಸಿ: ತಂತಿಯ ದೂರದ ತುದಿಯ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ), ಆಮೇಲೆ ಅದು ಕೂತಿರುವ ಬೋಲ್ಟ್, ಕೊನೆಗೆ ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹ. ಕಂಬದಿಂದ ಬ್ಲಾಕಿನವರೆಗೆ ಒಟ್ಟು 0.2, ಹೆಚ್ಚೆಂದರೆ 0.3 ವೋಲ್ಟ್. ಎಲ್ಲಿ ಅಂಕಿ ಒಮ್ಮೆಲೇ ಜಿಗಿಯುತ್ತದೋ ದೋಷ ಆ ಹೆಜ್ಜೆಯಲ್ಲಿದೆ. ಪ್ಲಸ್ ಕಡೆಯೂ ಹೀಗೆಯೇ, ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿನವರೆಗೆ 0.5 ವೋಲ್ಟ್ ಮೀರಬಾರದು. ಬಿಸಿಯಾದ, ತಿರುಗುವ ಭಾಗಗಳಿಂದ ಮೀಟರಿನ ತಂತಿ ದೂರವಿರಲಿ.

ಓಮ್ ಮೀಟರಿನಲ್ಲಿ ನೋಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಅದು ಅಳೆಯುವಾಗ ಕಳಿಸುವ ಕರೆಂಟ್ ತೀರಾ ಅಲ್ಪ. ನೂರು ಎಳೆಗಳಲ್ಲಿ ತೊಂಬತ್ತೆಂಟು ತುಂಡಾಗಿದ್ದರೂ ಉಳಿದೆರಡು ಎಳೆಗಳು ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತವೆ. ಜೊತೆಗೆ ಮೀಟರಿನ ಸ್ವಂತ ತಂತಿಗಳ ಅಡ್ಡಿಯೇ 0.1, 0.2 ಓಮ್ ಇರುತ್ತದೆ. ನಾವು ಹುಡುಕುತ್ತಿರುವುದು ಅದರ ಹತ್ತರಲ್ಲೊಂದು ಪಾಲು. ಭಾರ ಹೊರಿಸಿದಾಗಲೇ ತಂತಿಯ ಯೋಗ್ಯತೆ ತಿಳಿಯುವುದು.

ಈಗ ಆ ತಗಡಿನ ಚೂರು. ನನ್ನ ಮಟ್ಟಿಗೆ ಇಡೀ ಕಥೆಯ ಖಳನಾಯಕ ಅದೇ. ಬ್ಯಾಟರಿ ಕಂಬಗಳಲ್ಲಿ ಎರಡು ಅಳತೆಗಳು ಚಾಲ್ತಿಯಲ್ಲಿವೆ. ದಪ್ಪ ಬಗೆಯಲ್ಲಿ ನೆತ್ತಿಯ ವ್ಯಾಸ ಪ್ಲಸ್‌ಗೆ ಸುಮಾರು 17.5 ಮಿಲಿಮೀಟರ್, ಮೈನಸ್‌ಗೆ 15.9. ಜಪಾನಿ ಮೂಲದ ತೆಳು ಬಗೆಯಲ್ಲಿ ಎರಡೂ ಅದಕ್ಕಿಂತ ಸುಮಾರು ಮೂರು ಮಿಲಿಮೀಟರ್ ಸಣ್ಣವು. ದಪ್ಪ ಕಂಬಕ್ಕೆಂದು ಮಾಡಿದ ಕ್ಲಾಂಪನ್ನು ತೆಳು ಕಂಬಕ್ಕೆ ಹಾಕಿದರೆ, ಬೋಲ್ಟ್ ಬಿಗಿದು ಎರಡು ದವಡೆ ಒಂದಕ್ಕೊಂದು ತಾಗಿದ ಮೇಲೂ ಕ್ಲಾಂಪ್ ಕೈಯಲ್ಲಿ ತಿರುಗುತ್ತದೆ. ಆಗ ಹೊಳೆಯುವ ಸುಲಭ ಉಪಾಯವೇ ತಗಡು. ಪಾನೀಯದ ಡಬ್ಬಿಗೆ ಒಳಗೂ ಹೊರಗೂ ವಾರ್ನಿಷ್ ಇರುತ್ತದೆ. ಅದನ್ನು ಕೆರೆದರೂ ಅಲ್ಯೂಮಿನಿಯಂ ಗಾಳಿ ತಾಗಿದೊಡನೆ ವಿದ್ಯುತ್ ಹಾಯಿಸದ ತೆಳ್ಳನೆಯ ಪೊರೆ ಹೊದ್ದುಕೊಳ್ಳುತ್ತದೆ. ಮೇಲೆ ಆಮ್ಲದ ಆವಿ, ಪಕ್ಕದಲ್ಲಿ ಬೇರೆ ಲೋಹ: ತುಕ್ಕಿಗೆ ಹಬ್ಬ. ಮೊದಲ ವಾರ ಚೆನ್ನಾಗಿದ್ದು ನಾಲ್ಕನೆಯ ತಿಂಗಳಿಗೆ ಕೈಕೊಡುವ ರೀತಿಯೇ ಇದು. ಅದನ್ನು ಕಿತ್ತೆಸೆಯಿರಿ. ಇದಕ್ಕೆಂದೇ ಸೀಸದ ತೋಳುಗಳು ದೊರೆಯುತ್ತವೆ, ಕಂಬಕ್ಕೆ ಟೋಪಿಯಂತೆ ತೊಡಿಸುವುದು. ಅದಕ್ಕಿಂತ ಒಳ್ಳೆಯದು ಸರಿಯಾದ ಅಳತೆಯ ಹೊಸ ಕ್ಲಾಂಪ್, ಎಲ್ಲಕ್ಕಿಂತ ಒಳ್ಳೆಯದು ಕಾರಿಗೆ ತಕ್ಕ ಕಂಬದ ಬ್ಯಾಟರಿ. ಗ್ಯಾರಂಟಿ ಇದ್ದರೆ ಬ್ಯಾಟರಿ ಹಾಕಿದವರನ್ನೇ ಹೋಗಿ ಕೇಳಿ. ತಪ್ಪು ಅಳತೆಯದನ್ನು ಕೊಟ್ಟವರು ಅವರು.

ಕ್ಲಾಂಪ್ ಇಳಿಯದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ. ಕಂಬ ಮುಚ್ಚಳವನ್ನು ತೂರಿ ಬರುವ ಜಾಗದಲ್ಲಿ ಒಂದು ಸೀಲ್ ಇದೆ. ಪೆಟ್ಟು ಬಿದ್ದು ಅದು ಬಿರುಕು ಬಿಟ್ಟರೆ ಆಮ್ಲ ಕಂಬದ ಬುಡದಿಂದ ಮೇಲೆ ಹತ್ತುತ್ತದೆ, ಎಷ್ಟು ಒರೆಸಿದರೂ ತಿಂಗಳೊಳಗೆ ಪುಡಿ ಮರಳುತ್ತದೆ. ದವಡೆಯ ಸೀಳಿಗೆ ಸ್ಕ್ರೂಡ್ರೈವರ್ ತುರುಕಿ ತುಸು ಅಗಲಿಸಿದರೆ ಕ್ಲಾಂಪ್ ತಾನಾಗಿ ಇಳಿಯುತ್ತದೆ. ಕಂಬದ ನೆತ್ತಿ ಕ್ಲಾಂಪಿನ ಮೇಲ್ಮೈಗೆ ಸಮನಾಗಿಯೋ ಕೂದಲೆಳೆಯಷ್ಟು ಮೇಲೋ ಕಾಣಬೇಕು. ಬಿಗಿತ ಕೈಯಿಂದ ತಿರುಗಿಸಲಾಗದಷ್ಟಿದ್ದರೆ ಸಾಕು. ಸೀಸ ಮೆತ್ತನೆಯ ಲೋಹ, ಹತ್ತರ ಸ್ಪ್ಯಾನರಿಗೆ ಮೈಭಾರ ಹಾಕಬೇಕಾಗಿಲ್ಲ.

ಪುಡಿಯಲ್ಲಿ ಬಿಳಿಯದು ಹೆಚ್ಚಾಗಿ ಸೀಸದ ಸಲ್ಫೇಟ್, ನೀಲಿ-ಹಸಿರು ಬಣ್ಣದ್ದು ತಾಮ್ರದ ಸಲ್ಫೇಟ್. ಹಸಿರು ಕಂಡಿದೆ ಎಂದರೆ ಆಮ್ಲ ತಂತಿಯ ತಾಮ್ರವನ್ನು ತಲುಪಿದೆ ಎಂದರ್ಥ, ಅದು ನನಗೆ ಬಿಳಿಗಿಂತ ಹೆಚ್ಚು ಚಿಂತೆಯ ವಿಷಯ. ಎಂಜಿನ್ ಆರಿಸಿ, ಕೀಲಿ ತೆಗೆದು ಹದಿನೈದು ನಿಮಿಷ ಬಿಡಿ. ಉಂಗುರ, ಗಡಿಯಾರ ಬಿಚ್ಚಿಡಿ, ಕಣ್ಣಿಗೆ ಕನ್ನಡಕ ಹಾಕಿ. ಮೊದಲು ಮೈನಸ್ ಬಿಚ್ಚಬೇಕು, ಜೋಡಿಸುವಾಗ ಅದು ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಬಾಡಿಗೆ ತಾಗಿತು ಎಂದುಕೊಳ್ಳಿ. ಮೈನಸ್ ಇನ್ನೂ ಕೂಡಿಕೊಂಡಿದ್ದರೆ ಅದು ನೇರ ಶಾರ್ಟ್, ಸ್ಪ್ಯಾನರ್ ಅಲ್ಲೇ ಬೆಸುಗೆಯಾಗುವಷ್ಟು ಕರೆಂಟ್. ಮೈನಸ್ ಬಿಚ್ಚಿದ್ದರೆ ಏನೂ ಆಗದು. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿ. ನೊರೆ ನಿಲ್ಲುವ ತನಕ ಆಮ್ಲ ಉಳಿದಿದೆ ಎಂದು ತಿಳಿಯಿರಿ. ಬ್ಯಾಟರಿಗೆ ನೀರು ತುಂಬುವ ಮುಚ್ಚಳಗಳಿದ್ದರೆ ಭದ್ರವಾಗಿರಲಿ, ಸೋಡಾ ಒಳಗಿಳಿದರೆ ಒಳಗಿನ ಆಮ್ಲವೂ ಸಾಯುತ್ತದೆ. ಒಣಗಿಸಿ, ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿ, ಸೀಸ ಬೆಳ್ಳಿಯಂತೆ ಹೊಳೆಯುವವರೆಗೆ. ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಅದು ತೇವ, ಆವಿ ತಡೆಯುವುದಕ್ಕೆ, ವಿದ್ಯುತ್ ಹಾಯಿಸುವುದಕ್ಕಲ್ಲ.

ಟರ್ಮಿನಲ್ ಹೊಳೆದರೂ ತಂತಿ ಹೊರಗೆ ಥಳುಕು ಒಳಗೆ ಹುಳುಕು ಆಗಿರಬಹುದು. ಕ್ಲಾಂಪಿನ ಪಕ್ಕದ ಒಂದು ಗೇಣನ್ನು ಬೆರಳುಗಳಲ್ಲಿ ಬಗ್ಗಿಸಿ ನೋಡಿ. ಒಳ್ಳೆಯ ತಂತಿ ಮೆತ್ತಗೆ ಬಾಗುತ್ತದೆ. ಕೆಟ್ಟದ್ದು ಉಬ್ಬಿರುತ್ತದೆ ಅಥವಾ ಬಗ್ಗಿಸಿದರೆ ಒಳಗೆ ಹಪ್ಪಳ ಮುರಿದಂತೆ ಚುರುಗುಟ್ಟುತ್ತದೆ. ಕವಚ ಸೀಳಿದರೆ ತಾಮ್ರ ಕಪ್ಪು ಅಥವಾ ಹಸಿರು. ಅಂಥದ್ದನ್ನು ಉಜ್ಜಿ ಉಳಿಸಲಾಗದು, ಇಡೀ ತಂತಿ ಬದಲಿಸಬೇಕು. ಬಾಡಿಯ ಕಡೆಯ ತುದಿಯಲ್ಲಿ ಇನ್ನೊಂದು ಮೋಸವಿದೆ. ಕಾರಿಗೆ ಎಂದಾದರೂ ಪೇಂಟ್ ಹೊಡೆಸಿದ್ದರೆ, ಅರ್ತಿಂಗ್ ಲಗ್ಗಿನ ಕೆಳಗೂ ಬಣ್ಣ ಬಳಿದು ಮೇಲೆ ಬೋಲ್ಟ್ ಹಾಕಿರುತ್ತಾರೆ. ಲಗ್ಗಿನ ಅಗಲದಷ್ಟು ಬಣ್ಣ ಕೆರೆದು ಬಿಳಿ ಲೋಹ ಕಾಣಿಸಿ, ಬಿಗಿದು, ನಂತರ ಹೊರಗೆ ಗ್ರೀಸ್ ಹಚ್ಚಬೇಕು.

ಇನ್ನೊಂದು ವೈರ್ ಎಳೆಯುವ ಸಲಹೆ ತಪ್ಪೇನಲ್ಲ, ಆದರೆ ಕ್ರಮ ತಲೆಕೆಳಗು. ಕಂಬ ಮತ್ತು ಕ್ಲಾಂಪಿನ ನಡುವೆ ದೋಷವಿದ್ದಾಗ ಅದೇ ಕ್ಲಾಂಪಿಗೆ ಹತ್ತು ತಂತಿ ಸೇರಿಸಿದರೂ ಹತ್ತೂ ಅದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ದೋಷ ಎಂಜಿನ್ ಪಟ್ಟಿಯಲ್ಲಿದೆ ಎಂದು ಅಳತೆ ಹೇಳಿದರೆ ಹೊಸದನ್ನು ಹಾಕಿ, ಹಳೆಯದಕ್ಕಿಂತ ತೆಳುವಾಗಿರದಂತೆ ನೋಡಿಕೊಳ್ಳಿ. 25 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ತಂತಿ 150 ಆಂಪಿಯರ್ ಹೊತ್ತಾಗ ಮೀಟರಿಗೆ ಸುಮಾರು 0.1 ವೋಲ್ಟ್ ಕಳೆಯುತ್ತದೆ, ಸಣ್ಣ ಕಾರಿಗೆ ಸಾಕು. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ತಂತಿ ನೋಡಲು ದಪ್ಪ, ಹೊರುವುದು ಕಡಿಮೆ, ಬೇಡ. ಲಗ್ಗನ್ನು ಅದಕ್ಕೆಂದೇ ಇರುವ ಉಪಕರಣದಲ್ಲಿ ಒತ್ತಿಸಿ. ಸೋಲ್ಡರ್ ಮಾಡಿದರೆ ಎಳೆಗಳು ಬುಡದಲ್ಲಿ ಸೆಟೆದು ಅದುರಾಟಕ್ಕೆ ಅಲ್ಲೇ ಮುರಿಯುತ್ತವೆ. ಎಂಜಿನ್ ತೂಗಾಡಲು ತಂತಿಯಲ್ಲಿ ತುಸು ಸಡಿಲ ಬಿಡಿ. ಸೀಟ್ ಬೆಲ್ಟಿನ ಬೋಲ್ಟಿಗಾಗಲಿ ಪೆಟ್ರೋಲ್ ಕೊಳವೆಯ ಹಿಡಿಕೆಗಾಗಲಿ ಅರ್ತಿಂಗ್ ಕೊಡಬೇಡಿ.

ಇತ್ತೀಚಿನ ಕಾರುಗಳಲ್ಲಿ ಮೈನಸ್ ಕ್ಲಾಂಪಿಗೆ ಅಂಟಿಕೊಂಡು ಬೆಂಕಿಪೊಟ್ಟಣದಷ್ಟು ಸಣ್ಣ ಪೆಟ್ಟಿಗೆ, ಅದಕ್ಕೊಂದು ತೆಳು ತಂತಿ ಇರುವುದುಂಟು. ಬ್ಯಾಟರಿಗೆ ಎಷ್ಟು ಕರೆಂಟ್ ಬಂತು, ಎಷ್ಟು ಹೋಯಿತು ಎಂದು ಲೆಕ್ಕವಿಡುವ ಸೆನ್ಸರ್ ಅದು. ಅಂಥಲ್ಲಿ ಹೆಚ್ಚುವರಿ ಅರ್ತಿಂಗ್ ತಂತಿಯನ್ನು ಕಂಬಕ್ಕೆ ಸೇರಿಸಿದರೆ ಕರೆಂಟ್ ಸೆನ್ಸರನ್ನು ತಪ್ಪಿಸಿಕೊಂಡು ಓಡಾಡಿ ಲೆಕ್ಕ ಕೆಡುತ್ತದೆ. ಬಾಡಿಯ ಕಡೆಗೇ ಕೊಡಬೇಕು. ಇನ್ನೊಂದು ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ ಜಂಪರ್ ಕೇಬಲಿನ ಕೊನೆಯ ಮೈನಸ್ ಕ್ಲಿಪ್ಪನ್ನೂ ಸತ್ತ ಬ್ಯಾಟರಿಯ ಕಂಬಕ್ಕಲ್ಲ, ದೂರದ ಎಂಜಿನ್ ಲೋಹಕ್ಕೆ ಕಚ್ಚಿಸಿ. ಅಲ್ಲಿ ಕಿಡಿ ಹಾರಿದರೂ ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್‌ನಿಂದ ದೂರವಿರುತ್ತದೆ.

ಟರ್ಮಿನಲ್ ಸರಿಮಾಡಿದ ಮೇಲೆ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್, ಬ್ಲೋಯರ್ ಹಾಕಿ, ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಹಿಡಿದು ಕಂಬಗಳ ನಡುವೆ ಒಮ್ಮೆ ಅಳೆಯಿರಿ. ನಿಮ್ಮ ಕಾಲದ ಕಾರಿನಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಬರಬೇಕು. ಆಲ್ಟರ್ನೇಟರಿನ ಬಾಯಲ್ಲೇ 14.3 ಇದ್ದು ಬ್ಯಾಟರಿ ಕಂಬದಲ್ಲಿ 13.4 ಮಾತ್ರ ಸಿಕ್ಕರೆ ದಾರಿಯಲ್ಲಿ ಇನ್ನೂ ವೋಲ್ಟೇಜ್ ಕಳೆದುಹೋಗುತ್ತಿದೆ. ಕೆಟ್ಟ ಅರ್ತಿಂಗ್ ಚಾರ್ಜಿಂಗನ್ನೂ ತಡೆಯುತ್ತದೆ. ಅರೆಹೊಟ್ಟೆಯಲ್ಲೇ ಬದುಕುವ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದು ವರ್ಷ ತುಂಬುವ ಮೊದಲೇ ಸಾಯಬಹುದು. ನಿಮ್ಮ ಹಳೆಯ ಬ್ಯಾಟರಿಯ ಬಗ್ಗೆ ಮೊದಲೇ ಅನುಮಾನಪಟ್ಟದ್ದು ಇದಕ್ಕೇ. ಹಾಗೆಂದು ಆಲ್ಟರ್ನೇಟರ್ ಪರೀಕ್ಷೆಗೆ ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ತಂತಿ ಕೀಳುವ ಹಳೆಯ ಚಟವನ್ನು ಯಾರಾದರೂ ತೋರಿಸಿದರೆ ಕೈ ಹಿಡಿದು ನಿಲ್ಲಿಸಿ. ಆ ಕ್ಷಣ ಹತ್ತಾರು ವೋಲ್ಟ್ ಎದ್ದು ಎಂಜಿನ್ ಕಂಪ್ಯೂಟರ್ ಸುಡಬಹುದು. ತಂತಿ ಬಿಚ್ಚಿ ಜೋಡಿಸಿದ್ದರಿಂದ ಗಡಿಯಾರದ ಸಮಯ, ಪವರ್ ವಿಂಡೋದ ಆಟೋ ನೆನಪು ಅಳಿಸಿರುತ್ತವೆ, ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ; ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಉಳಿದದ್ದು ಸ್ಟಾರ್ಟರ್. ಮೈನಸ್ ಕಡೆ 0.3ರೊಳಗೆ, ಪ್ಲಸ್ ಕಡೆ 0.5ರೊಳಗೆ, ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬಗಳಲ್ಲಿ ಹತ್ತು ವೋಲ್ಟಿಗಿಂತ ಮೇಲೆ, ಇವೆಲ್ಲ ಇದ್ದೂ ಎಂಜಿನ್ ತೆವಳುತ್ತಿದ್ದರೆ ಅಥವಾ ಒಂದೇ ಒಂದು ‘ಟಕ್’ ಎಂದು ಸುಮ್ಮನಾದರೆ, ನಿಮ್ಮ ಮೊದಲ ಮೆಕ್ಯಾನಿಕ್ ಹೇಳಿದ್ದು ಸರಿ. ಆಗ ಸ್ಟಾರ್ಟರ್ ಬಿಚ್ಚಿಸಿ. ಬದಲಿಸುವ ಮುನ್ನ ಅದರ ಕಾರ್ಬನ್ ಬ್ರಷ್‌ಗಳನ್ನೂ ಸೊಲೆನಾಯ್ಡಿನ ಸಂಪರ್ಕಗಳನ್ನೂ ನೋಡಲು ಹೇಳಿ, ಎಷ್ಟೋ ಬಾರಿ ಸವೆದಿರುವುದು ಅವಿಷ್ಟೇ.